ಮಾಮಾ ಹತ್ತಿದ ವಿಮಾನ

ಇವತ್ತು ಮೈಲೂರಿನ ಚಹಾದ ಹೋಟೆಲಿನ ಟಿವಿಯಲ್ಲಿ, ಸಮುದ್ರದ ಮೇಲೆ ಕಾಣೆಯಾದ ವಿಮಾನವೊಂದರ ಸುದ್ದಿ ಬರುತ್ತಿತ್ತು. ನೋಡುತ್ತ ನೋಡುತ್ತ ನಾನು ಮನಸ್ಸಿನಲ್ಲೇ ಭಾಲ್ಕಿಯ ಅತ್ತೆಯ ಮನೆಗೆ ಹೋಗಿಬಿಟ್ಟೆ. ಅತ್ತೆ ಅಂದರೆ ಅಪ್ಪನ ತಂಗಿ.

ನಾನು ಸಣ್ಣವಳಿದ್ದಾಗಲೂ ಹೀಗೇ ಒಂದು ವಿಮಾನ ಕಾಣೆಯಾಗಿತ್ತು. ಅತ್ತೆಯ ಗಂಡ, ಮಸ್ಕತ್ತಿನಲ್ಲಿ ಡ್ರೈವರ್ ಆಗಿದ್ದ ನಮ್ಮ ಮಾಮಾ, ಅಂದೇ ಊರಿಗೆ ಹೊರಟಿದ್ದರು. ಯಾವ ವಿಮಾನ ಹತ್ತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಫೋನು ಸಿಗುತ್ತಿರಲಿಲ್ಲ. ಓಣಿಯ ಮಂದಿಯೆಲ್ಲ ಟಿವಿ ಮುಂದೆ ಬಂದು ಕೂತರು.

“ಯಾವುದರೇ ನಡುಗಡ್ಡ್ಯಾಗ ಇಳಿಸಿರ್ತಾರ ಬಿಡ್ರಿ,” ಎಂದರು ಕಿರಾಣಿ ಅಂಗಡಿಯ ಕಾಕಾ.

“ಸಮುದ್ರದಾಗ ಬಿದ್ದಿದ್ರ ಎಲ್ಲಿ ಅಂತ ಹುಡುಕ್ತಾರ್ರಿ?” ಎಂದು ಹಿಂದಿನಿಂದ ಯಾರೋ ಕೇಳಿದರು.

ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದವಳು ಗೋಡೆಗೆ ಒರಗಿ ನಿಂತಿದ್ದಳು. ಬೆರಳುಗಳಲ್ಲಿ ಹಿಟ್ಟು ಒಣಗಿ ಬಿರಿದಿತ್ತು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ.

ಸಂಜೆ ಮಾಮಾನ ಫೋನು ಬಂತು. “ಹೈದರಾಬಾದಿನಾಗ ಇಳದೀನಿ. ಯಾಕ ಅಳ್ಲಾಕತ್ತಿ?”

ಮನೆ ತುಂಬ ನಗು. ಕಾಕಾ ಪೇಡೆ ತರಿಸಿದರು. ಯಾರೋ ಟಿವಿ ಆರಿಸಲು ಎದ್ದಾಗ ಅತ್ತೆ ತಡೆದಳು. ಯಾವುದೋ ಊರಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಹೆಂಗಸು ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದನ್ನು ತೋರಿಸುತ್ತಿದ್ದರು.

“ಬಂದ್ ಮಾಡಬ್ಯಾಡ್ರಿ. ಆಕಿ ಮಂದಿ ಇನ್ನಾ ಬಂದಿಲ್ಲ,” ಎಂದಳು ಅತ್ತೆ. ಪೇಡೆಯನ್ನು ಬಾಯಿಗಿಡಲಿಲ್ಲ.

ಇವತ್ತು ಹೋಟೆಲಿನಿಂದಲೇ ಅವಳಿಗೆ ಫೋನು ಮಾಡಿದೆ.

“ಗೊತ್ತದವ್ವಾ, ನೋಡ್ಲಾಕತ್ತೀನಿ,” ಎಂದಳು. ಊಟಕ್ಕೆ ಬಾ ಎಂದು ಮಾಮಾ ಒಳಗಿನಿಂದ ಕರೆಯುತ್ತಲೇ ಇದ್ದರು.