ಪಾದ್ರಿಮನೆಯ ಗೋಡೆಯಲ್ಲಿ ಅವ್ವನ ಕೈ

ಚಿಂತಾಕಿಯ ನಮ್ಮ ಚರ್ಚಿನ ಹಿಂದಿರುವ ಹಳೆಯ ಪಾದ್ರಿಮನೆಯನ್ನು ಮೊದಲಿನಂತೆಯೇ ರಿಪೇರಿ ಮಾಡುವುದೆಂದು ಸಭೆಯವರು ಗೊತ್ತುಮಾಡಿದಾಗ ನನಗೆ ಕುಣಿಯುವಷ್ಟು ಹುರುಪು. ನಾನು ಗೌಂಡಿ, ಗೋಡೆ ಕಟ್ಟುವವನು. ಅಂಥ ಕೆಂಪು ಕಲ್ಲಿನ ಮನೆಯ ಕೆಲಸ ಯಾರಿಗೆ ಸಿಗುತ್ತದೆ? ಆದರೆ ಅಡುಗೆಮನೆಯ ಗೋಡೆ ನೆನಪಾದರೆ ಆ ಹುರುಪು ಇಳಿದುಹೋಗುತ್ತಿತ್ತು.

ಸಭೆಗೆ ಹೊಸ ಸೊಸೆ ಬಂದಾಗ ಪಾದ್ರಿಯ ಹೆಂಡತಿ ಆ ಗೋಡೆಗೆ ಅಂಗೈಯಗಲ ಹಸಿ ಸುಣ್ಣದ ಗಚ್ಚು ಬಳಿದು, ಸೊಸೆಯ ಕೈ ಒತ್ತಿಸುತ್ತಿದ್ದರು. ‘ಈ ಊರಾಗ ಇದೇ ನಿನ್ ತವರಮನಿ’ ಎನ್ನುತ್ತಿದ್ದರಂತೆ. ನಮ್ಮ ಅವ್ವನ ಕೈಯೂ ಅಲ್ಲಿತ್ತು. ಕುಡುಗೋಲು ತಾಗಿ ಸೊಟ್ಟಗಾದ ಕಿರುಬೆರಳಿನಿಂದ ಗುರುತು ಸಿಗುತ್ತಿತ್ತು.

ಒಂದು ಕ್ರಿಸ್‌ಮಸ್ಸಿಗೆ ಗೋಡೆ ನುಣ್ಣಗೆ ಕಾಣಲಿ ಎಂದು ಅದರ ಮೇಲೆ ಸಿಮೆಂಟಿನ ಗಿಲಾವು ಹೊಡೆದವನು ನಾನೇ. ಕಲಿತದ್ದು ನಾಲ್ಕನೇ ಇಯತ್ತೆ, ಹೊಸದೇ ಚಂದ ಎಂಬ ಬುದ್ಧಿ. ಅವ್ವ ತೀರಿಕೊಂಡ ಮೇಲೆ, ಬೀದರಿನ ನೌಬಾದದಲ್ಲಿ ನರ್ಸ್ ಆಗಿರುವ ಅಕ್ಕ ಆ ಕೈ ನೋಡಬೇಕೆಂದಳು. ಗಚ್ಚು ಮಳೆಗೆ ಉದುರಿಹೋಗಿತ್ತು, ಅದಕ್ಕೇ ಗಿಲಾವು ಹೊಡೆದೆ ಎಂದು ಸುಳ್ಳು ಹೇಳಿದೆ. ಫೋನಿನಲ್ಲೇ ಅತ್ತಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಸಿಮೆಂಟು ತೆಗೆಯುವ ದಿನ ಅವಳನ್ನು ಕರೆಸಿದೆ.

“ಅಕ್ಕಾ, ಗಚ್ಚ ಉದುರಿದ್ದಿಲ್ಲ. ಅವ್ವನ ಕೈ ಮ್ಯಾಲೇ ಗಿಲಾವ್ ಹೊಡ್ದೀನಿ.”

ಅಕ್ಕ ಗೋಡೆ ನೋಡಿದಳು, ನನ್ನನ್ನು ನೋಡಿದಳು. “ಇಷ್ಟ್ ದಿನ ಸುಳ್ಳ ಹೇಳ್ದಿ?”

“ಹೂಂ.”

“ಮೊದ್ಲ ತೆಗಿ. ಬೈಯೋದು ಆಮ್ಯಾಲ.”

ಉಳಿ ಇಟ್ಟು ಮೆಲ್ಲಗೆ ಬಡಿದೆ. ಗಚ್ಚೂ ಕಿತ್ತು ಬಂದರೆ? ಎರಡನೇ ಪೆಟ್ಟಿಗೆ ಸಿಮೆಂಟು ಹಪ್ಪಳದಂತೆ ಬಿಟ್ಟುಕೊಂಡಿತು! ಇಬ್ಬರೂ ಹಿಡಿದು ಇಳಿಸಿದೆವು. ಗೋಡೆಯ ಮೇಲೆ ತಗ್ಗುತಗ್ಗಾಗಿ ಆ ಕೈಗಳೆಲ್ಲ ಹಾಗೇ ಇದ್ದವು. ಸಿಮೆಂಟಿನ ಚಕ್ಕೆಯನ್ನು ಮಗುಚಿದರೆ ಅದರ ಬೆನ್ನಲ್ಲೂ ಕೈಗಳು, ಉಬ್ಬಿದ ಅಂಗೈಗಳು! ನಡುವೆ ಅವ್ವನದು, ಸೊಟ್ಟ ಕಿರುಬೆರಳಿನೊಂದಿಗೆ. “ಅಕ್ಕಾ! ಇಲ್ಲಿ! ಇಲ್ನೋಡು!” ಎಂದು ಕೂಗಿಬಿಟ್ಟೆ.

ಹಳೆಯ ಗಚ್ಚಿಗೆ ಸಿಮೆಂಟು ಹಿಡಿಯಬೇಕಾದರೆ ಮೊದಲು ಗೋಡೆಗೆ ಉಳಿಯಿಂದ ಕಚ್ಚು ಹಾಕಿ ಒರಟು ಮಾಡಬೇಕು. ಹಾಕಿದ್ದರೆ ಒಂದು ಬೆರಳೂ ಉಳಿಯುತ್ತಿರಲಿಲ್ಲ. ನಮ್ಮ ಅಪ್ಪನೂ ಗೌಂಡಿ; ಗೌಂಡಿಯ ಮಗಳಿಗೆ ಇದನ್ನು ಹೇಳಿಕೊಡಬೇಕೇ?

“ಕಚ್ಚ ಹಾಕ್ಲಾರ್ದ ಗಿಲಾವ್ ಹೊಡ್ದೀಯೇನೋ, ಕಳ್ಳ ಗೌಂಡಿ? ಅಪ್ಪ ಇದ್ದಿದ್ರ ಕೈಯಾಗಿನ ಕರಣಿಲೇ ಹೊಡೀತಿದ್ದ!”

“ಅವತ್ತ ಭಾಳ ಅವಸರಿತ್ತಕ್ಕಾ.”

ಅವಳು ನಕ್ಕಳು, ಕಣ್ಣಲ್ಲಿ ನೀರು. ಚಕ್ಕೆಯ ಮೇಲೆ ಎದ್ದು ನಿಂತಿದ್ದ ಅವ್ವನ ಅಂಗೈಗೆ ತನ್ನ ಅಂಗೈ ಹಚ್ಚಿದಳು. ನಾನೂ ಕೈ ಮುಂದೆ ಮಾಡಿದೆ.

“ತಡಿ,” ಎಂದಳು, ಕೈ ತೆಗೆಯದೆ. “ಬೈಯೋದು ಇನ್ನಾ ಬಾಕಿ ಅದ.”