ಅಕ್ಷರ ಉದುರಿಸಿದವನು

ವನಗೂರಿನ ಕಡೆ ಯಾವ ಮದುವೆಗೆ ಹೋದರೂ ನನ್ನ ಪಕ್ಕದ ತೋಟದ ಗೆಳೆಯ ಊಟದ ಪಂಕ್ತಿಯಲ್ಲಿ ಅದೇ ಹಳೆಯ ಮಾತು ತೆಗೆಯುತ್ತಾನೆ. "ಇವ್ನ ಕೈಗೆ ಪೆನ್ ಡ್ರೈವ್ ಕೊಡ್ಬೇಡ್ರಪ್ಪ, ನಮ್ಮ ಕಡೆಗೆ ಮೊದ್ಲು ವೈರಸ್ ತಂದೋನು ಇವ್ನೇ ಕಣ್ರೀ." ಜನ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಈಗ ನಗುವುದಕ್ಕೂ ಬೇಸರ.

ಮೂವತ್ತು ವರ್ಷದ ಹಿಂದಿನ ಮಾತು, ಆಗ ನಮ್ಮಿಬ್ಬರ ತೋಟದ ಆಫೀಸಿಗೂ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ನಿಮ್ಮಲ್ಲಿ ಎಷ್ಟು ಇಂಚು ಮಳೆ ಬಿತ್ತು ಎಂದು ಕೇಳದಿದ್ದರೆ ಕಾಫಿ ಬೆಳೆಗಾರರಿಗೆ ಊಟ ಸೇರುವುದಿಲ್ಲ. ಹಾಗಾಗಿ ಎರಡೂ ತೋಟದ ಮಳೆ ಲೆಕ್ಕ ಒಂದೇ ಫ್ಲಾಪಿಯಲ್ಲಿ ಜೀಪು ಹತ್ತಿ ಅತ್ತಿಂದಿತ್ತ ಓಡಾಡುತ್ತಿತ್ತು. ಒಂದು ಬೆಳಿಗ್ಗೆ ಅವನ ಪರದೆಯ ಮೇಲಿದ್ದ ಅಕ್ಷರಗಳು ಒಂದೊಂದಾಗಿ ಕಳಚಿ, ಅತಿಯಾಗಿ ಹಣ್ಣಾದ ಕಾಫಿಯಂತೆ ಕೆಳಗೆ ಉದುರಿದವು. ಅದೇ ವಾರ ನನ್ನಲ್ಲೂ. ಹಾಸನದಿಂದ ಬಂದ ರಿಪೇರಿಯವನು ಫ್ಲಾಪಿಯನ್ನೂ ಸೇರಿಸಿ ಎಲ್ಲವನ್ನೂ ಅಳಿಸಿ, ಇದು ವೈರಸ್ ಎಂದು ಹೇಳಿ ಹೋದ. ಎಲ್ಲಿಂದ ಬಂತು ಎಂದರೆ ಅವನಿಗೂ ಗೊತ್ತಿರಲಿಲ್ಲ. ಗೆಳೆಯನಿಗೆ ಮಾತ್ರ ಆವತ್ತೇ ಗೊತ್ತಾಗಿಬಿಟ್ಟಿತು, ನನ್ನಿಂದ ಎಂದು.

ಮೊನ್ನೆ ಫೋನಿನಲ್ಲಿ ಓದಿದೆ. ಆ ಕಾಲದ ಕೆಲವು ವೈರಸ್‌ಗಳನ್ನು ಯಾರು ಬರೆದರು, ಅವು ಯಾವ ದೇಶದಲ್ಲಿ ಹುಟ್ಟಿದವು ಎಂಬುದು ತಿಳಿದವರಿಗೂ ಇಂದಿಗೂ ಖಚಿತವಿಲ್ಲವಂತೆ. ಲೋಕಕ್ಕೇ ತಿಳಿಯದ್ದನ್ನು ಇವನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ತೀರ್ಮಾನಿಸಿದ್ದ. ಸಿಟ್ಟು ನೆತ್ತಿಗೇರಿತು. ಹೋಗಿ ಅವನ ಜಗಲಿಯಲ್ಲಿ ಕೂತು ಫೋನು ಮುಂದೆ ಹಿಡಿದೆ.

"ಓದು. ಇನ್ನಾದ್ರೂ ನನ್ನ ಬುಟ್ಬುಡು ಮಾರಾಯ, ಸಾಕಾಗೈತೆ."

ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಫೋನು ನನ್ನ ಕೈಗೆ ವಾಪಸು ಕೊಟ್ಟ.

"ನೀನಲ್ಲ ಅಂತ ನಂಗೂ ಅನ್ನಿಸ್ತಿತ್ತು ಕಣೋ," ಎಂದ. "ಹಳೇ ಮಳೆ ಲೆಕ್ಕಾನೆಲ್ಲ ಅಪ್ಪ ಹಾಸಿಗೇಲಿ ಮಲ್ಕಂಡು ನೆನಪಿಂದ್ಲೇ ಹೇಳಿ ನನ್ ಕೈಲಿ ಕಂಪ್ಯೂಟರ್‌ಗೆ ಹಾಕ್ಸಿದ್ರು. ಅವ್ರು ಹೋದ್ಮೇಲೆ ಅದೊಂದೇ ಉಳ್ದಿದ್ದು. ಅದೂ ಹೋಗ್ಬುಡ್ತು. ಯಾರ ಮೇಲಾದ್ರೂ ಹಾಕ್ಬೇಕಿತ್ತಲ್ಲ. ಹತ್ರ ಇದ್ದೋನು ನೀನೊಬ್ನೇ."

ಇಷ್ಟು ವರ್ಷ ಕಾದಿದ್ದ ಮಾತು ಸಿಕ್ಕಿತ್ತು. ಸಂತೋಷವಾಗಲಿಲ್ಲ, ಸಂಕಟವಾಯಿತು. ಸುಸ್ತಾಗಿ ಎದ್ದು ಬಂದೆ.

ಮುಂದಿನ ವಾರ ಅವನ ನೆಂಟರ ಮದುವೆ. ಪಂಕ್ತಿಯಲ್ಲಿ ಯಾರೋ ನನ್ನನ್ನು ನೋಡಿ ವೈರಸ್ ಮಾತು ತೆಗೆದರು. ಪಕ್ಕದಲ್ಲಿ ಕೂತಿದ್ದ ಗೆಳೆಯ ಎಲೆಯಿಂದ ತಲೆ ಎತ್ತಲಿಲ್ಲ.

"ಹೂಂ ಕಣ್ರೀ, ತಂದೋನು ನಾನೇ," ಎಂದು ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿಕೊಂಡೆ.