ಕಥೆ ಹೇಳಲು ಪೊಲೀಸರ ಒಪ್ಪಿಗೆ

ಮಗಳ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ನಾನು ಬಹಳ ದಿನ ಹೆಂಗಸಾಗಿದ್ದೆ. ಶಾಲೆಗೆ ಸೇರಿಸುವಾಗ ಕೊಟ್ಟಿದ್ದು ಹೆಂಡತಿಯ ನಂಬರು. ಅವಳು ಜ್ವರವೆಂದು ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ನಂಬರು ಮಾತ್ರ ನನ್ನ ಫೋನಿನ ಎರಡನೇ ಸಿಮ್ಮಾಗಿ ಉಳಿಯಿತು. ಅದರ ಡಿಪಿಯಲ್ಲಿ ಅವಳೇ ಹಾಕಿದ್ದ ಒಂದು ದಾಸವಾಳ. ಅದನ್ನು ತೆಗೆಯಲು ನನಗೆ ಮನಸ್ಸಾಗಿರಲಿಲ್ಲ. ಎರಡನೇ ತರಗತಿಯ ತಾಯಂದಿರಿಗೆ ಇದೆಲ್ಲ ಏನು ಗೊತ್ತು? ಟಿಫನ್ ಡಬ್ಬಿಗೆ ಏನು ಹಾಕುವುದು, ಅತ್ತೆ ಏನೆಂದರು, ಯಾವ ಅಂಗಡಿಯಲ್ಲಿ ಯೂನಿಫಾರಂ ಬಣ್ಣ ಬಿಡುವುದಿಲ್ಲ ಎಂದು ನನ್ನ ಮುಂದೆಯೇ ಹರಟುತ್ತಿದ್ದರು. ಹರಿಹರದ ಬಸ್ಸಿನಲ್ಲಿ ಕೂತು ಓದಿ ಒಬ್ಬನೇ ನಗುತ್ತಿದ್ದೆ. ಮನೆಯಲ್ಲಿ ಮತ್ತೊಬ್ಬ ದೊಡ್ಡವರ ದನಿ ಇಲ್ಲದವನಿಗೆ ಅದು ರೇಡಿಯೋ ಇದ್ದ ಹಾಗಿತ್ತು. ಒಂದು ದಿನ ಟೈಪು ಮಾಡಲು ಬೇಸರವಾಗಿ, ಹೋಂವರ್ಕ್ ಏನೆಂದು ಕೇಳಿ ವಾಯ್ಸ್ ಮೆಸೇಜ್ ಕಳಿಸಿದೆ. ಅಷ್ಟೇ. ಗ್ರೂಪು ತಣ್ಣಗಾಯಿತು. ಅವರು ಬೇರೊಂದು ಗ್ರೂಪು ಮಾಡಿಕೊಂಡರೆಂದು ಆಮೇಲೆ ತಿಳಿಯಿತು. ಹಳೆಯದರಲ್ಲಿ ಈಗ ಶಾಲೆಯ ನೋಟಿಸುಗಳು ಮಾತ್ರ ಬರುತ್ತವೆ.

ಅವರ ಮೇಲೆ ಸಿಟ್ಟು ಬರಲಿಲ್ಲ ಎಂದು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ನನಗೆ ಎಲ್ಲದಕ್ಕೂ ಸಿಟ್ಟು ಬರುತ್ತದೆ. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರು ನೋಡಿಕೊಳ್ಳುತ್ತೇನೆ. ನಟ್ಟು, ಬೋಲ್ಟು, ಬೇರಿಂಗುಗಳ ನಡುವೆ ಹಗಲು ಕಳೆಯುತ್ತದೆ, ಅವು ತಿರುಗಿ ಮಾತಾಡುವುದಿಲ್ಲ. ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಮನೆ. ಸಂಜೆ ಬಂದು ಮಗಳನ್ನು ಶಾಲೆಯ ಡೇಕೇರ್‌ನಿಂದ ಕರೆತರುತ್ತೇನೆ. ಅಡುಗೆ ಮಾಡುತ್ತೇನೆ, ಉಣ್ಣುತ್ತೇವೆ, ಬಾಗಿಲು ಹಾಕಿಕೊಳ್ಳುತ್ತೇವೆ. ಮೊದಮೊದಲು ಬಂಧುಗಳು ಬರುತ್ತಿದ್ದರು. ಬಂದವರೆಲ್ಲ ಇನ್ನೊಂದು ಮದುವೆಯ ಮಾತು ತೆಗೆದಾಗ ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟೆ. ಈಗ ಸಾರಥಿ ಎಂಬ ಊರಿನಲ್ಲಿರುವ ಅಕ್ಕ ಮಾತ್ರ ಫೋನು ಮಾಡಿ "ಉಂಡ್ರೇನೋ?" ಎನ್ನುತ್ತಾಳೆ. "ಉಂಡ್ವಿ" ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಹೀಗಿರುವಾಗ ಮಗಳ ಕ್ಲಾಸ್ ಮಿಸ್ ಕರೆಸಿದರು. ವಯಸ್ಸು ಚಿಕ್ಕದಾದರೂ ನೇರವಾಗಿ ಮಾತಾಡುವ ಹೆಣ್ಣುಮಗಳು.

"ಓದಿನಾಗೆ ಹುಷಾರಿದಾಳ್ರಿ ಸರ್. ಆದ್ರೆ ಮಾತೇ ಇಲ್ಲ. ಊಟದ ಹೊತ್ತಿಗೆ ಡಬ್ಬಿ ತಗಂಡು ಮೂಲೆಗೆ ಹೋಗಿ ಒಬ್ಬಳೇ ಕೂಡ್ತಾಳೆ. ಮನ್ಯಾಗೆ ಹೆಂಗೆ?"

"ಮನ್ಯಾಗೆ ಚೆನ್ನಾಗೇ ಇರ್ತಾಳ್ರಿ," ಎಂದೆ. ನಂಬಿಯೇ ಹೇಳಿದ್ದೆ.

ಆ ಶಾಲೆಯಲ್ಲಿ ಶನಿವಾರ ಮನೆಯವರು ಬಂದು ಮಕ್ಕಳಿಗೆ ಕಥೆ ಹೇಳುವ ಒಂದು ಪೀರಿಯಡ್ ಇಟ್ಟಿದ್ದರು. ಬರುವವರೆಲ್ಲ ತಾಯಂದಿರೇ. "ನೀವು ಬರ್ರಿ," ಎಂದರು ಮಿಸ್. "ಯಾರ ಮನೆಯವರು ಬರ್ತಾರೋ ಅವತ್ತು ಆ ಮಗುವಿನ ಸುತ್ತಾನೇ ಎಲ್ಲಾ ಮಕ್ಕಳು. ಒಂದು ಸಲ ಹಂಗಾದ್ರೆ ಆಮೇಲೆ ತಾನೇ ಬೆರೀತಾಳೆ."

ಸ್ಕೂಟರಿನಲ್ಲಿ ವಾಪಸಾಗುವಾಗ ಮಗಳು ಹಿಂದಿನಿಂದ, "ಬರ್ತೀಯಾ?" ಎಂದಳು. "ಹೂಂ" ಎಂದೆ. ಮನೆ ಬರುವವರೆಗೂ ನನ್ನ ಬೆನ್ನಿಗೆ ಕೆನ್ನೆ ಒತ್ತಿಕೊಂಡು ಕೂತಿದ್ದಳು. ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿ ಎಷ್ಟೋ ಕಾಲವಾಗಿತ್ತು.

ಆ ವಾರದ ರಜೆಯನ್ನು ಶನಿವಾರಕ್ಕೆ ಬದಲಾಯಿಸಿಕೊಂಡು, ಒಂದು ಮಂಗನ ಕಥೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದಾಗ ಹೊಸ ನೋಟಿಸು ಬಂತು. ಇನ್ನು ಮುಂದೆ ಶಾಲೆಯ ಸಿಬ್ಬಂದಿಯಲ್ಲದ ಯಾರೇ ಆಗಲಿ, ತರಗತಿಯ ಒಳಗೆ ಬರಬೇಕಾದರೆ ಪೊಲೀಸ್ ವೆರಿಫಿಕೇಶನ್ ಆಗಿರಬೇಕು. ಬೇರೆ ಯಾವುದೋ ಊರಿನ ಶಾಲೆಯಲ್ಲಿ ಹೊರಗಿನವನೊಬ್ಬ ಮಾಡಬಾರದ್ದು ಮಾಡಿದ್ದನ್ನು ಟಿವಿಯಲ್ಲಿ ತೋರಿಸಿದ್ದರಂತೆ. ನಿಯಮ ಸರಿಯಾದದ್ದೇ. ನಾನೂ ಹೆಣ್ಣುಮಗುವಿನ ತಂದೆ. ಬೇರೆ ಮಗುವಿನ ತಂದೆಯೊಬ್ಬ ನನ್ನ ಮಗಳ ತರಗತಿಗೆ ಬರುತ್ತಾನೆಂದರೆ ಮೊದಲು ವಿಚಾರಿಸಿ ಎಂದು ಹೇಳುವವನು ನಾನೇ. ಆದರೂ ಮಂಗನ ಕಥೆ ಹೇಳಲು ಪೊಲೀಸರ ಒಪ್ಪಿಗೆ ಬೇಕಾಯಿತಲ್ಲ ಎಂದು ಗೊಣಗಿಕೊಂಡೇ ಅರ್ಜಿ ಹಾಕಿದೆ. ಸ್ಟೇಷನ್ನಿನ ಗೊಡವೆ ಬೇಡವೆಂದು ಕೆಲವು ತಾಯಂದಿರು ಕೈಬಿಟ್ಟರು. ಉಳಿದವರದ್ದು ಬೇಗ ಬೇಗ ಬಂತು. ನನ್ನದಕ್ಕೆ ಉತ್ತರ ಬಂದದ್ದು ಫೋನಿಗೆ: ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ.

ಓದಿದ ಕೂಡಲೇ ಸಿಟ್ಟು ನೆತ್ತಿಗೇರಿತು. ಅದು ಇಳಿದ ಮೇಲೆ ಬೇರೆ ಒಂದು ಥರವಾಯಿತು. ನಮ್ಮದೇ ಮನೆಯ ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕಿದಾಗ, ಈ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ಬರೆದವನದ್ದು ತಪ್ಪೇನಲ್ಲ ಎನಿಸಿತು.

ಎದುರು ಮನೆಯಾಕೆ ಮರುದಿನ ಗೇಟಿನ ಹತ್ತಿರ ಕಾದು ನಿಂತಿದ್ದರು. ಹದಡಿ ಕಡೆಯವರು, ಅರವತ್ತರ ಆಸುಪಾಸು. ಮಹಡಿಯ ರೂಮುಗಳನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆ ಹುಡುಗರು ಬೈಕಿನಲ್ಲಿ ಏನಾದರೊಂದು ಮಾಡಿಕೊಂಡಾಗಲೆಲ್ಲ ಪೊಲೀಸರು ಬರುತ್ತಾರೆ, ಈಕೆ "ನಮಗೇನೂ ಗೊತ್ತಿಲ್ರಿ" ಎಂದು ಬಾಗಿಲು ಮುಂದೆ ಮಾಡುತ್ತಾರೆ. ಬೀದಿಯವರೆಲ್ಲ ಕಲಿತಿರುವುದು ಅದೇ ಪಾಠ.

"ಮೊನ್ನೆ ಪೊಲೀಸ್ ಬಂದಿದ್ದ ಸರ್ರ," ಎಂದರು ದನಿ ತಗ್ಗಿಸಿ. "ನಿಮ್ಮ ಹೆಸರು ಹಿಡಿದು ಕೇಳ್ದ. ನಾನು ಬಾಯಿ ಬಿಡಲಿಲ್ಲ. ಅಂಥೋರು ಇಲ್ಲಿ ಯಾರೂ ಇಲ್ಲಪ್ಪ ಅಂದೆ. ಆಚೆಮನೆಯವರೂ ಹಂಗೇ ಅಂದ್ರು. ಏನಾಗೈತೋ ಏನೋ, ನಾನೇನು ಕೇಳಲ್ಲ. ನೀವೊಂದೀಟು ದಿನ ಊರ ಕಡೆ ಹೋಗಿ ಇದ್ದು ಬರ್ರಿ."

ನನಗೆ ನಗು ಬಂತು, ಬೈಯಬೇಕೆಂದೂ ಅನಿಸಿತು. ಪಾಪ, ಬಚ್ಚಿಟ್ಟು ಕಾಪಾಡಿದ್ದರು. ಆದರೆ ನಾನು ಏನೋ ಮಾಡಿಕೊಂಡಿರಬಹುದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಗೊತ್ತಿಲ್ಲದ ಮನುಷ್ಯ ಏನನ್ನಾದರೂ ಮಾಡಿರಬಹುದಲ್ಲ. ಶಾಲೆಯ ವಿಷಯವೆಂದು ಬಿಡಿಸಿ ಹೇಳಿದೆ. ಅವರು ಬಾಯಿಗೆ ಸೆರಗು ಹಿಡಿದುಕೊಂಡರು.

ಇತ್ತ ಶನಿವಾರಗಳು ಹೋಗುತ್ತಿದ್ದವು. ಮಗಳು ನನ್ನನ್ನು ಮತ್ತೆ ಕೇಳಲಿಲ್ಲ. ಶಾಲೆಯಲ್ಲಿ ಏನಾಯಿತೆಂದು ಹೇಳಿದವರು ಮಿಸ್. ಪಕ್ಕದ ಹುಡುಗಿಯೊಬ್ಬಳು, "ನಿಮ್ಮಪ್ಪ ಬರ್ತಾರೆ ಅಂದಿದ್ಯಲ್ಲ, ಯಾಕ ಬರಲಿಲ್ಲ?" ಎಂದು ಕೇಳಿದ್ದಾಳೆ. ಅಪರೂಪಕ್ಕೆ ಬಾಯಿಬಿಟ್ಟ ನನ್ನ ಮಗಳು, "ಪೊಲೀಸ್ನೋರು ಬಿಡಲಿಲ್ಲ" ಎಂದಿದ್ದಾಳೆ. ಅವಳು ಹೇಳಿದ್ದು ನಿಜ. ಆ ಹುಡುಗಿ ಅದನ್ನು ತನ್ನ ಮನೆಗೆ ಒಯ್ದಳು, ಆ ತಾಯಿ ನಾನಿಲ್ಲದ ಗ್ರೂಪಿಗೆ ಒಯ್ದರು. ಆಮೇಲೆ ನನ್ನ ಮಗಳ ಪಕ್ಕದ ಜಾಗ ಖಾಲಿಯೇ ಇರುತ್ತದಂತೆ. "ಬೇಗ ಏನಾದ್ರೂ ಮಾಡ್ರಿ ಸರ್," ಎಂದು ಮಿಸ್ ಕೇಳಿಕೊಂಡರು. ಅವತ್ತು ಬಸ್ಸಿನಲ್ಲಿ ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಸ್ಟೇಷನ್ನಿಗೆ ನಾನೇ ಹೋಗಿ, ಎದುರು ಮನೆಯಾಕೆಯ ಸಂಗತಿ ಹೇಳಿದೆ. ಅವರಿಗೆ ಇದು ಹೊಸದಾಗಿರಲಿಲ್ಲ. ಮತ್ತೆ ಅರ್ಜಿ ಹಾಕಿಸಿದರು. ಒಂದು ಭಾನುವಾರ ಬೆಳಿಗ್ಗೆ, ಮೊದಲ ಸಲ ಬಂದಿದ್ದ ಪೇದೆಯೇ ಬಂದರು. ನಡುವಯಸ್ಸು, ದಣಿದ ಮುಖ. ಅಂಗಳದಲ್ಲಿ ಕುರ್ಚಿ ಹಾಕಿದೆ. ನೆರೆಯವರನ್ನು ಕರೆಸಿ ಎಂದರು. ಎದುರು ಮನೆಯಾಕೆ ಸೆರಗು ಹೊದ್ದು ಬಂದು ನಿಂತರು. ನನ್ನ ಮಗಳು ಬಾಗಿಲ ಪರದೆ ಹಿಡಿದುಕೊಂಡು ನೋಡುತ್ತಿದ್ದಳು.

"ಅವತ್ತು ಇಲ್ಲ ಅಂದ್ರಲ್ಲ ಅಮ್ಮ?"

"ಅವತ್ತು ಅಂಜಿಕಿ ಆತ್ರಿ."

"ಹೋಗ್ಲಿ. ಈಗ ಹೇಳ್ರಿ. ಮನುಷ್ಯ ಹೆಂಗೆ?"

ಆಕೆ ನನ್ನ ಕಡೆ ನೋಡಿದರು. ಮೊದಲು ಮಾಡಿದ ಎಡವಟ್ಟನ್ನು ಇವತ್ತು ಬಡ್ಡಿ ಸಮೇತ ತೀರಿಸಬೇಕೆಂದು ಮನಸ್ಸು ಮಾಡಿಕೊಂಡೇ ಬಂದಿದ್ದರು.

"ಬಂಗಾರದಂಥ ಮನುಷ್ಯ ರೀ. ಯಾರ ತಂಟೆಗೂ ಹೋಗಲ್ಲ. ಇವರ ಮನಿಗೆ ಯಾರೂ ಬರಲ್ಲ, ಇವರೂ ಯಾರ ಮನಿಗೂ ಹೋಗಲ್ಲ. ಹಬ್ಬ ಆಗಲಿ, ಹುಣ್ಣಿವಿ ಆಗಲಿ, ಬಾಗಿಲು ಹಾಕೇ ಇರತೈತೆ. ಒಂದು ಗದ್ದಲ ಇಲ್ಲ, ಒಂದು ನಗಿ ಇಲ್ಲ. ಎದುರಿಗೆ ಬಂದ್ರೂ ತಲಿ ಬಗ್ಗಿಸಿ ಹೋಗ್ತಾರೆ."

ಪೇದೆ ಮೆಚ್ಚಿ ತಲೆಯಾಡಿಸುತ್ತ ಬರೆದುಕೊಂಡರು. ಆಕೆಗೆ ಇನ್ನೂ ಹುರುಪು ಬಂತು.

"ಆ ಕೂಸೂ ಅಷ್ಟೇ ರೀ. ಮನ್ಯಾಗೆ ಒಂದು ಕೂಸೈತೆ ಅಂತ ಗೊತ್ತೇ ಆಗಲ್ಲ. ಥೇಟ್ ಅಪ್ಪನಂಗೆ."

"ಆತು ಬಿಡ್ರಿ," ಎಂದು ಪೇದೆ ಎದ್ದರು. "ಇದಕ್ಕಿಂತ ಒಳ್ಳೇ ರಿಪೋರ್ಟ್ ಯಾರಿಗೂ ಬರಲ್ಲ. ಮುಂದಿನ ವಾರ ನೀವು ಸ್ಕೂಲಿಗೆ ಹೋಗಬೌದು ಸರ್."

ನಾನು ಕೈ ಮುಗಿದೆ. ಇಬ್ಬರೂ ಹೋದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಅಂಗಳದಲ್ಲಿ ಆ ಖಾಲಿ ಕುರ್ಚಿಯ ಪಕ್ಕ ನಿಂತು ನನಗೆ ಭಯವಾಗುತ್ತಿತ್ತು. ನನ್ನ ಪಾಲಿನ ಒಂಟಿತನ ನನಗಿರಲಿ, ಅದಕ್ಕೆ ನಾನು ಒಗ್ಗಿಕೊಂಡಿದ್ದೆ. ಆ ಮಗುವಿಗೂ ಅದನ್ನೇ ತಿನ್ನಿಸಿ ಬೆಳೆಸುತ್ತಿದ್ದೇನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಲು ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲೂ ಇಲ್ಲ. ಶನಿವಾರ ಒಂದು ಪೀರಿಯಡ್ ಹೋಗಿ ಮಂಗನ ಕಥೆ ಹೇಳಿದರೆ ಇದು ಸರಿಹೋಗುತ್ತದೆಯೇ?

ಮಗಳು ಇನ್ನೂ ಪರದೆಯ ಹಿಂದೆಯೇ ಇದ್ದಳು. ಎದುರು ಮನೆಯಾಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

ಸಂಜೆ ಅವಳ ತಲೆ ಬಾಚಿ, ಕೈಹಿಡಿದು, ರಸ್ತೆ ದಾಟಿ ಎದುರು ಮನೆಯ ಬಾಗಿಲು ಬಡಿದೆ. ಒಬ್ಬರ ಮನೆಗೆ ಹೇಗೆ ಹೋಗುವುದು, ಹೋಗಿ ಏನು ಮಾತಾಡುವುದು ಎಂಬುದೇ ನನಗೆ ಮರೆತುಹೋಗಿತ್ತು. ಆಕೆ ಬಾಗಿಲು ತೆಗೆದು ಗಾಬರಿಯಾದರು.

"ಮತ್ತೆ ಬಂದ್ರೇನ್ರಿ ಪೊಲೀಸ್ನೋರು?"

"ಇಲ್ರಿ ಅಮ್ಮಾರ."

"ಮತ್ತೇನು ಬೇಕಾಗಿತ್ರಿ?"

ಸುಮ್ಮನೆ ಬಂದ್ವಿ ಎನ್ನಲು ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. "ಒಂದು ಲೋಟ ಸಕ್ಕರೆ ಇದ್ರೆ..."

"ಮನ್ಯಾಗೆ ಡಬ್ಬಿ ತುಂಬ ಐತಲ್ಲಪ್ಪ," ಎಂದಳು ಮಗಳು, ಸ್ಪಷ್ಟವಾಗಿ.

ಆಕೆ ನನ್ನನ್ನು ಬಿಟ್ಟು ಅವಳ ಕಡೆ ಬಗ್ಗಿದರು. ಮೊಣಕಾಲು ಹಿಡಿದುಕೊಂಡು ಕೆಳಗೆ ಕೂತು, ಗಲ್ಲ ಮುಟ್ಟಿ, ತಮಾಷೆಗಲ್ಲ, ನಿಜಕ್ಕೂ ಬೆರಗಾಗಿ ಕೇಳಿದರು:

"ನಿನಗೆ ಮಾತು ಬರತೈತೇನವ್ವ?"